ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರುವ ಮುಂಚೆ: ಆ ಓಟಿಪಿ ಹೇಳಬೇಡಿ

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಡಿಗ್ರಿಗೋ ಎಂ.ಕಾಂಗೋ ಬೆಂಗಳೂರಿಗೆ ಬಂದಿರುವ ತಮ್ಮ ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ಕಲಿಸುತ್ತೇವೆ ಎಂದು ಕರೆದು, ನಿಮ್ಮ ಹೆಸರಿನಲ್ಲಿ ಸಾಲ ಮಾಡಿಸಿ ಕಳಿಸುವ ಜಾಗಗಳು ಈ ಊರಿನಲ್ಲಿವೆ. ಅಂಥ ಒಂದು ಜಾಗದಲ್ಲಿ ನನಗೆ ಆದದ್ದು ನಿಮಗೆ ಆಗಬಾರದು.

ನಾನು ಚಳ್ಳಕೆರೆ ಕಡೆಯವಳು. ಬಿ.ಕಾಂವರೆಗೂ ಕನ್ನಡದಲ್ಲೇ ಪರೀಕ್ಷೆ ಬರೆದವಳು. ಇಲ್ಲಿ ಎಂ.ಕಾಂಗೆ ಸೇರಿದರೆ ಪಾಠ, ಸೆಮಿನಾರ್, ವೈವಾ ಎಲ್ಲವೂ ಇಂಗ್ಲಿಷ್. ಬ್ಯಾಲೆನ್ಸ್ ಶೀಟ್ ಹಾಕು ಅಂದರೆ ಹಾಕುತ್ತಿದ್ದೆ. ಅದನ್ನೇ ಎದ್ದು ನಿಂತು ಇಂಗ್ಲಿಷ್‌ನಲ್ಲಿ ವಿವರಿಸು ಅಂದರೆ ಗಂಟಲು ಕಟ್ಟುತ್ತಿತ್ತು. ಇದೇ ಹೊತ್ತಿಗೆ ವಿಜಯನಗರದ ನಮ್ಮ ಪಿಜಿಯ ಗೇಟಿನಲ್ಲಿ ಪಾಂಪ್ಲೆಟ್ ಹಂಚುತ್ತಿದ್ದರು: 45 ದಿನದಲ್ಲಿ ಇಂಗ್ಲಿಷ್ ಗ್ಯಾರಂಟಿ, ಡೆಮೊ ಕ್ಲಾಸ್ ಫ್ರೀ.

ಡೆಮೊಗೆ ಹೋದವರಿಗೆ ಮೊದಲು 'ಲೆವೆಲ್ ಟೆಸ್ಟ್'. ಒಬ್ಬ ಹುಡುಗ ಎದುರಿಗೆ ಕೂತು ವಿದೇಶದವರ ಧಾಟಿಯಲ್ಲಿ ಪಟಪಟ ಮಾತಾಡಿದ. ಹವಾಮಾನ ಬದಲಾವಣೆ ಬಗ್ಗೆ ಎರಡು ನಿಮಿಷ ಮಾತಾಡಿ ಅಂದ. ನಾನು ತಡವರಿಸಿದೆ. ಒಂದು ಚೀಟಿಯಲ್ಲಿ 'ಎ1', ಅಂದರೆ ತೀರಾ ಕೆಳಗಿನ ಹಂತ, ಎಂದು ಬರೆದು ಒಳಗಿನ ರೂಮಿಗೆ ಕಳಿಸಿದ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ನನ್ನ ಜೊತೆ ಬಂದಿದ್ದ ಎಲ್ಲರ ಚೀಟಿಯಲ್ಲೂ ಎ1 ಇತ್ತು. ಇಂಗ್ಲಿಷ್ ಮೀಡಿಯಂ ಹುಡುಗಿಗೂ ಅದೇ.

ಒಳಗೆ ಕೌನ್ಸೆಲರ್ ಇದ್ದರು. ನಮ್ಮ ಅಪ್ಪನ ವಯಸ್ಸಿನವರು. "ನೋಡಮ್ಮ, ಈ ಇಂಗ್ಲಿಷ್ ಇಟ್ಕೊಂಡು ಬೆಂಗಳೂರಲ್ಲಿ ಒಂದು ಇಂಟರ್‌ವ್ಯೂ ಪಾಸಾಗಲ್ಲ. ಎಂ.ಕಾಂ ಮುಗಿಸಿ ಊರಿಗೆ ಹೋಗಿ ಕೂರ್ತೀಯ ಅಷ್ಟೆ" ಅಂದರು. ಫೀ 36,000 ರೂಪಾಯಿ. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ತಿಂಗಳಿಗೆ 3,000 ಕಟ್ಕೊಂಡು ಹೋಗು, ಬಡ್ಡಿ ಇಲ್ಲ. ಇಷ್ಟ ಆಗಲಿಲ್ಲ ಅಂದ್ರೆ ಬಿಟ್ಬಿಡು, ಯಾರೂ ಕೇಳಲ್ಲ." ಮನೆಯಲ್ಲಿ ಕೇಳಿ ಬರ್ತೀನಿ ಸರ್ ಅಂದೆ. ಆಫರ್ ಇವತ್ತು ಸಂಜೆಗೆ ಮುಗಿಯುತ್ತೆ ಅಂದರು. ರಿಜಿಸ್ಟ್ರೇಷನ್‌ಗೆ ಅಂತ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ನಂಬರ್ ತಗೊಂಡರು. ಫೋಟೊ ಹೊಡೆದರು. ಫೋನಿಗೆ ಬಂದ ಓಟಿಪಿಗಳನ್ನು ಒಂದಾದ ಮೇಲೊಂದು ಕೇಳಿ ತಾವೇ ಒತ್ತಿಕೊಂಡರು. ಅಷ್ಟು ಹೊತ್ತಿನಲ್ಲಿ 'ಸಾಲ' ಅನ್ನುವ ಮಾತು ಒಮ್ಮೆಯೂ ಅವರ ಬಾಯಿಂದ ಬರಲಿಲ್ಲ.

ಅಲ್ಲಿ ನಡೆದದ್ದು ಇಷ್ಟು. ಒಂದು ಫೈನಾನ್ಸ್ ಕಂಪನಿ ನನ್ನ ಹೆಸರಿಗೆ ಸಾಲ ಕೊಟ್ಟು, ಆ ದುಡ್ಡನ್ನು ಒಟ್ಟಿಗೆ ಇನ್‌ಸ್ಟಿಟ್ಯೂಟ್ ಖಾತೆಗೆ ಹಾಕಿತು. ಅಲ್ಲಿಗೆ ಅವರಿಗೆ ಬರಬೇಕಾದ್ದು ಬಂದಾಯಿತು. ಕ್ಲಾಸ್ ನಡೆದರೂ ನಿಂತರೂ ಇಎಂಐ ಕಟ್ಟಬೇಕಾದವಳು ನಾನು. ನನ್ನ ಖಾತೆಯಿಂದ ತಿಂಗಳು ತಿಂಗಳು ತಾನಾಗೇ ಕಟ್ ಆಗಲು ಒಪ್ಪಿಗೆಯೂ ಆ ಓಟಿಪಿಗಳಲ್ಲೇ ಹೋಗಿತ್ತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬೌನ್ಸ್ ಚಾರ್ಜ್, ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ಕಟ್ಟುತ್ತೇವಾ ಎಂದು ತೋರಿಸುವ ಅಂಕ) ಇಳಿತ. ಮುಂದೆ ಒಂದು ಶಿಕ್ಷಣ ಸಾಲ ಕೇಳಿದರೂ ಬ್ಯಾಂಕಿನವರು ಅದನ್ನು ನೋಡುತ್ತಾರೆ.

ಇನ್ನು ಕ್ಲಾಸಿನ ಕಥೆ. ನನಗೆ ದುಡ್ಡಿಗಿಂತ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ಒಳಗೆ ಕನ್ನಡ ಮಾತಾಡಿದರೆ ಒಂದು ಮಾತಿಗೆ 10 ರೂಪಾಯಿ ದಂಡ. ಅರ್ಥವಾಗದ್ದನ್ನು ಕೇಳಲು ನಮಗಿದ್ದದ್ದು ಕನ್ನಡ ಒಂದೇ ಅಲ್ವಾ? ಅದನ್ನೂ ಕಿತ್ತುಕೊಂಡರೆ ಬಾಯಿ ಮುಚ್ಚಿ ಕೂರಬೇಕು. ಹಾಗೇ ಕೂತೆವು. ನನ್ನ ಪಕ್ಕ ಸಿಂಧನೂರಿನ ಹುಡುಗಿಯೊಬ್ಬಳು ಕೂರುತ್ತಿದ್ದಳು. ಹೊರಗೆ ಅರಳು ಹುರಿದಂತೆ ಮಾತಾಡುವವಳು ಒಳಗೆ ತುಟಿ ಬಿಚ್ಚುತ್ತಿರಲಿಲ್ಲ. ಕಲಿಸಿದ್ದಾದರೂ ಏನು? ಎಲ್ಲರಿಗೂ ಒಂದೇ ಸ್ವಪರಿಚಯ, ಬಾಯಿಪಾಠ. ಕಾಲೇಜಿನಲ್ಲಿ ನನಗೆ ಬೇಕಿದ್ದದ್ದು ಪಾಠ ಕೇಳುತ್ತಾ ನೋಟ್ಸ್ ಮಾಡಿಕೊಳ್ಳುವುದು, ಉತ್ತರ ಬರೆಯುವುದು, ಸೆಮಿನಾರಿನಲ್ಲಿ ಬಂದ ಪ್ರಶ್ನೆಗೆ ಉತ್ತರ ಹೇಳುವುದು. ಅದರ ಸುದ್ದಿಯೇ ಇಲ್ಲ. ಸ್ವಲ್ಪ ದಿನಕ್ಕೆ ಮೇಷ್ಟ್ರು ಕೆಲಸ ಬಿಟ್ಟರು. ಎರಡು ಬ್ಯಾಚ್ ಸೇರಿಸಿದರು. ಕೊನೆಗೆ ಆ್ಯಪ್‌ನಲ್ಲಿ ವಿಡಿಯೊ ನೋಡಿಕೊಳ್ಳಿ ಅಂದರು.

ಆ ಚೀಟಿಯ ಎ1 ವಿಷಯ ಹೇಳಿಬಿಡುತ್ತೇನೆ. ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳು, ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಅಳತೆ. ಅಳತೆ ನಿಜವಾದದ್ದೇ. ಆದರೆ ಇಂಗ್ಲಿಷ್ ಪರೀಕ್ಷೆ ನಡೆಸುವ ಕೇಂಬ್ರಿಡ್ಜ್‌ನವರ ಅಂದಾಜಿನಲ್ಲಿ, ಮೊದಲಿನಿಂದ ಶುರು ಮಾಡಿದವರು ಬಿ1 ಮುಟ್ಟಲು ಸುಮಾರು 350ರಿಂದ 400 ಗಂಟೆ ಪಾಠ ಬೇಕು. ಬಿ2ಗೆ 500ರಿಂದ 600 ಗಂಟೆ. ನನಗೆ ಮಾತು ಕೊಟ್ಟಿದ್ದು 45 ದಿನದಲ್ಲಿ ಬಿ2, ದಿನಕ್ಕೆ ಒಂದು ಗಂಟೆ. ಅಂದರೆ 45 ಗಂಟೆ. ನೀವೇ ಲೆಕ್ಕ ಹಾಕಿ. ಯಾರೇ ದಿನಗಳ ಲೆಕ್ಕ ಹೇಳಲಿ, ಒಟ್ಟು ಎಷ್ಟು ಗಂಟೆ ಪಾಠ ಅಂತ ಕೇಳಿ.

ಬಿಡುತ್ತೇನೆ, ಉಳಿದ ಫೀ ವಾಪಸ್ ಕೊಡಿ ಅಂದಾಗ ಫಾರ್ಮಿನ ಹಿಂದಿದ್ದ ಸಣ್ಣಕ್ಷರ ತೋರಿಸಿದರು: ಕಟ್ಟಿದ ಹಣ ವಾಪಸ್ ಇಲ್ಲ. ಖಾತೆಯಲ್ಲಿ ದುಡ್ಡಿರಲಿಲ್ಲ, ಇಎಂಐ ತಪ್ಪಿತು. ಫೈನಾನ್ಸ್‌ನವರು ಫಾರ್ಮಿನಲ್ಲಿದ್ದ ಅಪ್ಪನ ನಂಬರಿಗೆ ಫೋನ್ ಮಾಡಿ, ನಿಮ್ಮ ಮಗಳು ಸಾಲ ಮಾಡಿ ಕಟ್ಟುತ್ತಿಲ್ಲ ಅಂದರು. ಶೇಂಗಾ ಕೀಳುವ ಹೊತ್ತು. ಅಪ್ಪ ಹೊಲದಿಂದಲೇ ಫೋನ್ ಮಾಡಿ "ಏನ್ ಮಗಾ, ಏನಾಗೈತೆ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ರೂಮ್‌ಮೇಟ್ ಕಾನೂನು ಓದುತ್ತಿದ್ದಳು. ಅವಳು ಹೇಳಿದಂತೆ ಬಾಯಿಮಾತು ನಿಲ್ಲಿಸಿ ಬರೆಯಲು ಶುರು ಮಾಡಿದೆ. ಕ್ಲಾಸ್ ನಿಂತದ್ದನ್ನು ತಿಳಿಸಿ ಇನ್‌ಸ್ಟಿಟ್ಯೂಟ್‌ಗೂ, ಫೈನಾನ್ಸ್ ಕಂಪನಿಯ ದೂರು ಅಧಿಕಾರಿಗೂ ಇಮೇಲ್ ಹಾಕಿದೆ. ಪಾಂಪ್ಲೆಟ್, ರಸೀದಿ, ವಾಟ್ಸ್ಆ್ಯಪ್ ಮೆಸೇಜು ಎಲ್ಲದರ ಫೋಟೊ ಜೊತೆಗೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ ಎಂದು ಬರೆದ ಮೇಲೆ ಇನ್‌ಸ್ಟಿಟ್ಯೂಟ್‌ನವರು ದಾರಿಗೆ ಬಂದರು. ಉಳಿದ ಸಾಲವನ್ನು ಅವರೇ ತೀರಿಸಿದರು. ಅಷ್ಟರೊಳಗೆ ನಾನು ಕಟ್ಟಿದ್ದ ಕಂತುಗಳು ಬರಲೇ ಇಲ್ಲ.

ಗ್ರಾಹಕ ಆಯೋಗ ಅಂದರೆ ಹೆದರಬೇಡಿ. ನೀವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ವಕೀಲರೇ ಬೇಕು ಅಂತಿಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಕೋಚಿಂಗ್‌ನವರ ಸುಳ್ಳು ಗ್ಯಾರಂಟಿ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಾಗಾಗಿ ಆ ಪಾಂಪ್ಲೆಟ್ಟನ್ನು ಎಸೆಯಬೇಡಿ.

ಹಾಗಾದರೆ ಇಂಗ್ಲಿಷ್ ಎಲ್ಲಿ ಕಲಿಯೋದು ಅಂತ ಕೇಳುತ್ತೀರಿ. ನಾನು ಕಲಿತದ್ದು ನಮ್ಮ ವಿಭಾಗದ ಮೇಡಂ ಒಬ್ಬರಿಂದ. ಪಾಠದಲ್ಲಿ ಬಂದದ್ದನ್ನೇ ಐದು ವಾಕ್ಯದಲ್ಲಿ ಬರೆದುಕೊಂಡು ಬಾ, ನೋಡದೆ ಹೇಳು ಅನ್ನುತ್ತಿದ್ದರು. ತಡವರಿಸಿದರೆ ಕನ್ನಡದಲ್ಲಿ ಹೇಳಿಸಿ, ಮತ್ತೆ ಇಂಗ್ಲಿಷ್‌ಗೆ ತರುತ್ತಿದ್ದರು. ನಿಮ್ಮ ಕಾಲೇಜಿನಲ್ಲೂ ಅಂಥವರು ಇದ್ದೇ ಇರುತ್ತಾರೆ, ಸಂಕೋಚ ಬಿಟ್ಟು ಕೇಳಿ. ಸರ್ಕಾರದ 'ಸ್ವಯಂ' (SWAYAM) ಅನ್ನುವ ಆನ್‌ಲೈನ್ ತಾಣದಲ್ಲಿ ಇಂಗ್ಲಿಷ್ ಕೋರ್ಸುಗಳಿಗೆ ಪುಕ್ಕಟೆ ಸೇರಬಹುದು, ಪರೀಕ್ಷೆ ಬರೆಯುವವರಿಗಷ್ಟೇ ಫೀ. ಬಿಬಿಸಿಯ ಇಂಗ್ಲಿಷ್ ಪಾಠಗಳಿಗೂ ದುಡ್ಡಿಲ್ಲ. ಖಾಸಗಿ ಕ್ಲಾಸೇ ಬೇಕೆಂದರೆ ತಿಂಗಳ ಫೀ ತಿಂಗಳಿಗೆ ತಗೊಳ್ಳುವ ಕಡೆ ಸೇರಿ.

ಈಗಾಗಲೇ ಓಟಿಪಿ ಕೊಟ್ಟುಬಿಟ್ಟಿದ್ದರೆ ಇವತ್ತೇ ಸಾಲದ ಕಾಗದ ತೆಗೆದು ನೋಡಿ. ಆ್ಯಪ್ ಮೂಲಕ ಕೊಡುವ ಸಾಲಕ್ಕೆ ಆರ್‌ಬಿಐ ನಿಯಮದಂತೆ 'ಕೂಲಿಂಗ್ ಆಫ್' ಅವಧಿ ಇರಲೇಬೇಕು. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರಬಹುದು. ಆ ಅವಧಿ ಎಷ್ಟು ಅನ್ನುವುದು 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಅನ್ನುವ ಕಾಗದದಲ್ಲಿರುತ್ತದೆ. ಇನ್‌ಸ್ಟಿಟ್ಯೂಟ್‌ಗೆ ಹೋದ ದುಡ್ಡನ್ನು ವಾಪಸ್ ಕೇಳಿ ಅದೇ ದಿನ ಇಮೇಲ್ ಹಾಕಿ. ಅವಧಿ ಮುಗಿದಿದ್ದರೆ ಫೈನಾನ್ಸ್ ಕಂಪನಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಮನೆಗೆ ಮಾತ್ರ ಇವತ್ತೇ ಹೇಳಿಬಿಡಿ. ರಿಕವರಿಯವರ ಫೋನಿಗಿಂತ ಮೊದಲು ನಿಮ್ಮ ಫೋನ್ ಹೋಗಲಿ.