ನಾಲ್ಕು ಡಿಸ್ಟೋಪಿಯಾ ಕಾದಂಬರಿಗಳು: ಒಂದನ್ನೇ ಕೊಳ್ಳುವುದಾದರೆ 'ವಿ'

ಬದುಕಿನ ಪ್ರತಿ ಗಳಿಗೆಯನ್ನೂ ಪ್ರಭುತ್ವವೇ ಆಳುವ ಸಮಾಜಗಳನ್ನು ಕಲ್ಪಿಸಿದ ಕಾದಂಬರಿಗಳಲ್ಲಿ ಒಂದನ್ನು ಮಾತ್ರ ಕೊಳ್ಳಬಲ್ಲವರಿಗೆ ನಾನು ರಷ್ಯಾದ ಲೇಖಕ ಯೆವ್ಗೇನಿ ಜಮ್ಯಾತಿನ್ ಅವರ 'ವಿ'ಯನ್ನೇ (We, ಅಂದರೆ 'ನಾವು') ಹೇಳುತ್ತೇನೆ. ಅದರ ಜೊತೆಗೆ ಆಲ್ಡಸ್ ಹಕ್ಸ್‌ಲಿಯವರ 'ಬ್ರೇವ್ ನ್ಯೂ ವರ್ಲ್ಡ್' (1932), ಜಾರ್ಜ್ ಆರ್ವೆಲ್ಲರ '1984' (1949) ಮತ್ತು ಮಾರ್ಗರೆಟ್ ಅಟ್ವುಡ್ ಅವರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' (1985) ಕೃತಿಗಳನ್ನೂ ಕೊಂಡು, ಒಂದರ ಬೆನ್ನಿಗೆ ಒಂದನ್ನು ಓದಿದ ಮೇಲೆ ಈ ತೀರ್ಮಾನಕ್ಕೆ ಬಂದಿದ್ದೇನೆ.

ಭಯ ಹುಟ್ಟಿಸುವುದರಲ್ಲಿ ಆರ್ವೆಲ್ಲರನ್ನು ಮೀರಿಸಿದವರಿಲ್ಲ.

ಆದರೆ ಇಂಥ ಕಾದಂಬರಿಗಳನ್ನೆಲ್ಲ ಕಾಡುವ ತೊಡಕೊಂದಿದೆ. ಓದುಗನಿಗೆ ಪರಿಚಯವೇ ಇಲ್ಲದ ಆ ಸಮಾಜ ಹೇಗೆ ನಡೆಯುತ್ತದೆ, ಯಾಕೆ ಹಾಗಾಯಿತು ಎಂಬುದನ್ನು ಯಾರಾದರೂ ವಿವರಿಸಲೇಬೇಕು. ಆ ವಿವರಣೆ ಬಂದ ಕಡೆ ಕಥೆ ನಿಂತುಹೋಗುತ್ತದೆ. '1984'ರಲ್ಲಿ ಕಥಾನಾಯಕ ವಿನ್‌ಸ್ಟನ್‌ನ ಕೈಗೆ, ಪ್ರಭುತ್ವದ ಶತ್ರುವೆನಿಸಿದ ಗೋಲ್ಡ್‌ಸ್ಟೈನ್‌ನ ನಿಷೇಧಿತ ಗ್ರಂಥ ಸಿಕ್ಕಿ, ಅವನ ಬಂಧನ ಇನ್ನೇನು ಆಗಲಿದೆ ಎಂದು ನಾವು ಉಸಿರು ಬಿಗಿಹಿಡಿದಿರುವಾಗಲೇ, ಆ ಗ್ರಂಥದ ಅಧ್ಯಾಯಗಳು ಪುಟಗಟ್ಟಲೆ ನಮ್ಮೆದುರು ತೆರೆದುಕೊಳ್ಳುತ್ತವೆ. ಅವನು ಗಟ್ಟಿಯಾಗಿ ಓದುವುದನ್ನು ಕೇಳುತ್ತ ಅವನ ಪ್ರೇಯಸಿ ಜೂಲಿಯಾ ನಿದ್ದೆ ಹೋಗುತ್ತಾಳೆ. ಅಮೆರಿಕದ ಪುಸ್ತಕ ಕ್ಲಬ್ಬೊಂದು ಈ ಭಾಗವನ್ನೂ ಕೊನೆಯ ಅನುಬಂಧವನ್ನೂ ತೆಗೆಯುವಂತೆ ಕೇಳಿದಾಗ ಆರ್ವೆಲ್ ಒಪ್ಪಲಿಲ್ಲ. ಆ ಗ್ರಂಥವನ್ನು ಬರೆದವರು ಯಾರೆಂಬುದು ಮುಂದೆ ತಿಳಿದಾಗ ಅದರ ಅಗತ್ಯವೂ ಅರ್ಥವಾಗುತ್ತದೆ, ನಿಜ. ಆದರೂ ಎರಡನೆಯ ಓದಿನಲ್ಲಿ ಆ ಪುಟಗಳು ನನಗೆ ಇನ್ನಷ್ಟು ಭಾರವೆನಿಸಿದವು.

ಹಕ್ಸ್‌ಲಿ ಇದೇ ಕೆಲಸವನ್ನು ಆರಂಭದಲ್ಲೇ ಮುಗಿಸಲು ಹೊರಡುತ್ತಾರೆ. ಒಂದೇ ಅಂಡದಿಂದ 96 ಮಂದಿಯವರೆಗೂ ಪಡೆಯುವ ವಿಧಾನವನ್ನು, ಮಕ್ಕಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸುವ ಸಂಸ್ಥೆಯ ನಿರ್ದೇಶಕನು ವಿದ್ಯಾರ್ಥಿಗಳಿಗೆ ತೋರಿಸುತ್ತ ಹೋಗುವ ಆ ಅಧ್ಯಾಯಗಳು ಚುರುಕಾಗಿಯೇ ಇವೆ. ಆದರೆ ಕೊನೆಗೆ ಬರುತ್ತ, ಆ ವ್ಯವಸ್ಥೆಯನ್ನು ಸಮರ್ಥಿಸುವ ಮುಸ್ತಫಾ ಮಾಂಡ್ ಮತ್ತು ಅದನ್ನು ನಿರಾಕರಿಸುವ ಜಾನ್ ನಡುವಿನ ಸುದೀರ್ಘ ವಾದದಲ್ಲಿ ಪಾತ್ರಗಳು ಹಿಂದೆ ಸರಿದು ವಿಚಾರಗಳಷ್ಟೇ ಉಳಿಯುತ್ತವೆ.

ಜಮ್ಯಾತಿನ್ ಅವರಲ್ಲಿ ವಿವರಣೆಯೇ ಕಥೆಯಾಗಿದೆ. 'ವಿ'ಯ ಕಲ್ಪಿತ ಪ್ರಭುತ್ವವಾದ ಏಕರಾಜ್ಯದ ಗಣಿತಜ್ಞ ಡಿ-503 ತಾನು ಕಟ್ಟುತ್ತಿರುವ ಬಾಹ್ಯಾಕಾಶ ನೌಕೆಯ ಮೂಲಕ ಬೇರೆ ಗ್ರಹಗಳ ಅಪರಿಚಿತ ಜೀವಿಗಳಿಗೆ ಕಳುಹಿಸಲೆಂದು 40 ಟಿಪ್ಪಣಿಗಳನ್ನು ಬರೆಯುತ್ತಾನೆ. ಆದ್ದರಿಂದ ಗಾಜಿನ ಮನೆಗಳು, ಎಲ್ಲರೂ ಒಂದೇ ಕ್ಷಣಕ್ಕೆ ಏಳುವಂತೆ ಮಾಡುವ ವೇಳಾಪಟ್ಟಿ, ಸಂಗಾತಿಯೊಡನೆ ಕೂಡಲು ಅನುಮತಿ ಕೊಡುವ ಗುಲಾಬಿ ಚೀಟಿ ಇದ್ದಾಗ ಮಾತ್ರ ಇಳಿಬಿಡಬಹುದಾದ ಪರದೆ, ಇವೆಲ್ಲವನ್ನೂ ಅವನು ಸಹಜವಾಗಿಯೇ ವಿವರಿಸಬೇಕಾಗುತ್ತದೆ. ದಿನಕ್ಕೆ ಎರಡು ಗಂಟೆಗಳ ಖಾಸಗಿ ಸಮಯ ಇನ್ನೂ ಉಳಿದಿದೆಯಲ್ಲ ಎಂದು ಅವನು ಕೊರಗುತ್ತಾನೆ. ಮುಂದೊಂದು ದಿನ ಅದೂ ಪಟ್ಟಿಯೊಳಗೆ ಸೇರುತ್ತದೆಂದು ಮನಸಾರೆ ಆಶಿಸುತ್ತಾನೆ. ಆ ಆಸೆಯನ್ನು ಓದುವಾಗ ಆಗುವ ಕಸಿವಿಸಿಯನ್ನು ಯಾವ ಸಿದ್ಧಾಂತ ಗ್ರಂಥವೂ ತರಲಾರದು. ಐ-330 ಎಂಬ ಹೆಣ್ಣನ್ನು ಭೇಟಿಯಾದ ಬಳಿಕ ಅವನ ವಾಕ್ಯಗಳೇ ಅರ್ಧಕ್ಕೆ ತುಂಡಾಗತೊಡಗುತ್ತವೆ. ವ್ಯವಸ್ಥೆಯ ಬಿರುಕನ್ನು ಯಾರೂ ಹೇಳದೆ ನಾವು ಅವನ ಬರವಣಿಗೆಯಲ್ಲೇ ಕಾಣುತ್ತೇವೆ. 1920–21ರಲ್ಲಿ ಬರೆದ ಈ ಕೃತಿ 1924ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಬಂತು. ಸೋವಿಯತ್ ನೆಲದಲ್ಲಿ ಅಚ್ಚಾಗಲು 1988 ಬರಬೇಕಾಯಿತು.

ಈ ತೊಡಕನ್ನು ಜಮ್ಯಾತಿನ್ ಅವರಷ್ಟೇ ಜಾಣ್ಮೆಯಿಂದ ದಾಟಿದವರು ಅಟ್ವುಡ್. ಅವರ ನಿರೂಪಕಿ ತನಗೆ ಕಂಡಷ್ಟನ್ನೇ ಹೇಳುತ್ತಾಳೆ. ಕಾದಂಬರಿಯ ಕಲ್ಪಿತ ಪ್ರಭುತ್ವವಾದ ಗಿಲಿಯಡ್‌ನ ಚರಿತ್ರೆಯನ್ನು 2195ರ ವಿದ್ವಾಂಸನೊಬ್ಬನ ಉಪನ್ಯಾಸಕ್ಕೆ ಬಿಟ್ಟಿದ್ದಾರೆ, ಮತ್ತು ಆ ಉಪನ್ಯಾಸದ ನಿರ್ಲಿಪ್ತತೆಯೇ ಓದುಗನನ್ನು ಕೆರಳಿಸುತ್ತದೆ. ಆದರೆ ಆ ಕಾದಂಬರಿಯ ಹಿಂದೆಮುಂದೆ ಸರಿಯುವ ಕಾಲಕ್ಕೆ ಬಿಡುವಾದ, ಎಡೆಬಿಡದ ಓದು ಬೇಕು.

ನಾನು ರಾತ್ರಿ ಮಲಗುವ ಮುನ್ನ ಕೆಲವೇ ಪುಟ ಓದುವವನಾದ್ದರಿಂದ 'ವಿ'ಯ ಚಿಕ್ಕ ಟಿಪ್ಪಣಿಗಳು ನನಗೆ ಒಗ್ಗಿದವು. ನಾಲ್ಕರಲ್ಲಿ ಅದೇ ತೆಳುವಾದ ಪುಸ್ತಕ, ನನ್ನ ಕೈಗೆ ಅಗ್ಗವಾಗಿ ಸಿಕ್ಕಿದ್ದೂ ಅದೇ. ಎರಡನೆಯದಕ್ಕೂ ಹಣವಿದ್ದರೆ ಅಟ್ವುಡ್ ಅವರನ್ನು ಕೊಳ್ಳಬೇಕು. '1984' ಮತ್ತು 'ಬ್ರೇವ್ ನ್ಯೂ ವರ್ಲ್ಡ್' ಗ್ರಂಥಾಲಯಗಳಲ್ಲಿ ಸುಲಭವಾಗಿ ಸಿಗುವುದರಿಂದ ಅವನ್ನು ಎರವಲು ತಂದು ಓದಬಹುದು.