ಕ್ಯಾಟ್ ಹೋಗಿ ಕಾಟ ಆಯಿತು: ಎರಡು ವರ್ಷ ಫೋನಿಕ್ಸ್ ಬಳಸಿದ ಮೇಲೆ

ಮಗಳಿಗೆ ಈಗ ಆರು ವರ್ಷ. ದಾವಣಗೆರೆಯಲ್ಲಿ ಎಲ್‌ಕೆಜಿಗೆ ಸೇರಿಸಿದಾಗಿನಿಂದ ಅವಳಿಗೆ ಫೋನಿಕ್ಸ್‌ನಲ್ಲೇ ಇಂಗ್ಲಿಷ್ ಓದಿಸುತ್ತಿದ್ದೇವೆ. ಫೋನಿಕ್ಸ್ ಅಂದರೆ ಅಕ್ಷರದ ಹೆಸರಿನ ಬದಲು ಅದರ ಶಬ್ದ (ಉಚ್ಚಾರ) ಕಲಿಸಿ ಓದಿಸುವ ಪದ್ಧತಿ. ಮೊದಲು ಕ್ಲಾಸಿಗೆ ಕಳಿಸಿದೆವು, ಆಮೇಲೆ ಮನೆಯಲ್ಲೇ.

ಕ್ಲಾಸಿನ ಹೆಸರು ಬೇಡ. ಮೂರು ತಿಂಗಳಿಗೆ 4,500 ರೂಪಾಯಿ. ಹಾಡು, ಕುಣಿತ ಎಲ್ಲಾ ಚೆನ್ನಾಗಿತ್ತು. ಆದರೆ ಪ್ರತಿ ಶಬ್ದದ ಕೊನೆಯಲ್ಲೂ ಒಂದು 'ಅ' ಅಂಟಿಸಿ ಹೇಳಿಕೊಡುತ್ತಿದ್ದರು. ಸಿ ಅಂದರೆ 'ಕ', ಟಿ ಅಂದರೆ 'ಟ'. ಒಂದು ಸಂಜೆ ಮಗಳು ಸಿ, ಎ, ಟಿ ಕಾರ್ಡು ಜೋಡಿಸಿ 'ಕ, ಆ, ಟ... ಕಾಟ!' ಎಂದು ಓದಿದಳು. ಅದು ಬೆಕ್ಕು ಅಂತ ಗೊತ್ತಾದಾಗ ಅವಳ ಅಜ್ಜಿ, 'ಸರಿಯಾಗೇ ಓದೈತಿ ಬಿಡು, ಅದರ ಕಾಟ ನನಗೆ ಗೊತ್ತು' ಎಂದರು. ನಾನೂ ನಕ್ಕೆ. ಆಮೇಲೆ 4,500 ನೆನಪಾಯಿತು.

ಇದಕ್ಕೆ ಮದ್ದು ಕನ್ನಡದಲ್ಲೇ ಇದೆ. ಅರ್ಧಾಕ್ಷರ! ಕ್, ಟ್, ಪ್, ಸ್ ಎಂದು ಗಿಡ್ಡ ಮಾಡಿ ಹೇಳಿದರೆ ಶಬ್ದಗಳು ತಾವೇ ಅಂಟಿಕೊಳ್ಳುತ್ತವೆ. ಹಳೆ ಮದುವೆ ಪತ್ರಿಕೆಗಳನ್ನು ಕತ್ತರಿಸಿ, ಒಂದು ಕಡೆ ಇಂಗ್ಲಿಷ್ ಅಕ್ಷರ, ಹಿಂದೆ ಅರ್ಧಾಕ್ಷರ ಬರೆದೆ. ವಾರದೊಳಗೆ ಕಾಟ ಹೋಗಿ ಕ್ಯಾಟ್ ಬಂತು. ಸ್ವರಗಳ ಕಾರ್ಡಿಗೆ ಮಾತ್ರ ಹಿಂದೆ ಏನೂ ಬರೆಯಬೇಡಿ. ಆ್ಯಪಲ್‌ನ 'ಆ್ಯ'ಗೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ. ಅದನ್ನು ಕಿವಿಯಿಂದಲೇ ಕಲಿಯಬೇಕು.

ಈಗ ಯಾವ ಪದ್ಧತಿ ಅನ್ನುವ ಪ್ರಶ್ನೆ. ಬಿಡಿ ಅಕ್ಷರಗಳ ಶಬ್ದ ಕಲಿತು, ಕೂಡಿಸಿ ಓದುವುದು ಸಿಂಥೆಟಿಕ್ ಫೋನಿಕ್ಸ್. ಕ್ಯಾಟ್, ಬ್ಯಾಟ್, ಮ್ಯಾಟ್ ಎಂದು ಇಡೀ ಪದದಿಂದ ಶುರುಮಾಡಿ, ಒಂದೇ ಥರ ಇರುವ ಭಾಗ ಗುರುತಿಸುವುದು ಅನಲಿಟಿಕ್. ಮಗಳ ಶಾಲೆಯಲ್ಲಿ ಎರಡನೆಯದು. ಅದರಿಂದ ಅವಳಿಗೆ ಊಹಿಸುವ ಚಟ ಹತ್ತಿತ್ತು. 'ಹಾರ್ಸ್' ಎಂದು ಬರೆದಿದ್ದರೆ ಚಿತ್ರ ನೋಡಿ 'ಪೋನಿ' ಎಂದು ಓದುತ್ತಿದ್ದಳು. ಹಾಗಾಗಿ ನನ್ನ ಓಟು ಸಿಂಥೆಟಿಕ್‌ಗೆ.

ಅದರಲ್ಲಿ ಹೆಸರಾದದ್ದು ಜಾಲಿ ಫೋನಿಕ್ಸ್ ಎಂಬ ಪಾಠಕ್ರಮ. 42 ಮುಖ್ಯ ಶಬ್ದ, ಏಳು ಗುಂಪು. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್. ಇದೇನು ಎಬಿಸಿಡಿ ಬಿಟ್ಟು ಅಡ್ಡಾದಿಡ್ಡಿ ಅಂತ ನಾನೂ ಅಂದುಕೊಂಡಿದ್ದೆ. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಆಡುತ್ತಾ ಕಲಿಯುವ ಪದ್ಧತಿ) ಕಲಿಸುವ ನಮ್ಮಕ್ಕ ಕೇಳಿದಳು: 'ನಾವು ಅ ಆ ಇ ಈ ಇಂದ ಶುರು ಮಾಡ್ತೀವಾ? ರ ಗ ಸ ದ ಅ ಅಲ್ವಾ?' ಹೌದಲ್ಲ! ಆ ಐದರಲ್ಲೇ ಸರ, ಅರಸ, ಗರಗಸ ಎಲ್ಲಾ ಬರುತ್ತವೆ. ಹಾಗೆಯೇ ಈ ಆರರಲ್ಲಿ ಪಿನ್, ಟ್ಯಾಪ್, ಸಿಟ್, ನ್ಯಾಪ್. ಮಗು ಮೊದಲ ತಿಂಗಳೇ ಪದ ಓದುತ್ತದೆ.

ಊಹಿಸುವ ಚಟ ಬಿಡಿಸಲು ಅರ್ಥವಿಲ್ಲದ ಪದ ಓದಿಸಿ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ತರಗತಿಯವರಿಗೆ 40 ಪದಗಳ ಪರೀಕ್ಷೆ ಇದೆ. ಅದರಲ್ಲಿ 20 ಸುಳ್ಳು ಪದಗಳೇ. ನಾವು 'ವಿಪ್', 'ಟಸ್' ಎಂದು ಬರೆದು ಆಟ ಮಾಡಿದೆವು. ನಗುತ್ತಾ ಓದಿದಳು. ಬಿ, ಡಿ ತಿರುಗಿಸಿ ಬರೆಯುವುದು ಇನ್ನೂ ಪೂರ್ತಿ ಹೋಗಿಲ್ಲ, ಹೋಗುತ್ತದೆ.

ನಿಜವಾದ ತೊಂದರೆ ಶುರುವಾಗುವುದು ಎರಡನೇ ವರ್ಷ. ಇಂಗ್ಲಿಷಿನಲ್ಲಿ 26 ಅಕ್ಷರ, ಒಟ್ಟು ಸುಮಾರು 44 ಶಬ್ದ. ಜೊತೆಗೆ ಯಾವ ನಿಯಮಕ್ಕೂ ಬಗ್ಗದ 'ಸೆಡ್', 'ವಾಸ್', 'ಒನ್' ಥರದವು. ಅವನ್ನು ಸುಮ್ನೆ ಬಾಯಿಪಾಠ ಮಾಡಿಸಿದ್ದೇ. ಕೊನೆಯ 'ಇ' ತಾನು ಮೌನವಾಗಿದ್ದು ಹಿಂದಿನ ಸ್ವರವನ್ನು ಬದಲಿಸುತ್ತದೆ, ನಾಟ್ ಹೋಗಿ ನೋಟ್ ಆಗುತ್ತದೆ. ಅದನ್ನು ಕಲಿತ ವಾರವೇ ಹೋಟೆಲಿಗೆ ಹೋಗಿದ್ದೆವು. ಬೆಣ್ಣೆ ದೋಸೆಯ ಇಂಗ್ಲಿಷ್ ಬೋರ್ಡು ನೋಡಿ 'ಬೆನ್ ಡೋಸ್' ಎಂದು ಗಟ್ಟಿಯಾಗಿ ಓದಿಬಿಟ್ಟಳು! ಪಾಪ, ನಿಯಮದ ಪ್ರಕಾರ ಸರಿಯೇ.

ಇನ್ನೊಂದು ಕೊರತೆ. ಓದುತ್ತಾಳೆ, ಅರ್ಥ ಆಗುವುದಿಲ್ಲ. ಮನೆಯಲ್ಲಿ ಮಾತು ಕನ್ನಡ. 'ಪಾಂಡ್' ಎಂದು ಸರಾಗವಾಗಿ ಓದಿ ನನ್ನ ಮುಖ ನೋಡಿದಳು. ಹೊಂಡ ಎಂದೆ. 'ನಮ್ಮೂರ ಹೊಂಡದ ಸರ್ಕಲ್ ಹೊಂಡನಾ?' ಎಂದಳು. ಆಮೇಲಿಂದ ಪ್ರತಿ ಪದಕ್ಕೂ ಕನ್ನಡದ ಮಾತು ಹೇಳಿಯೇ ಮುಂದೆ ಹೋಗುತ್ತೇವೆ.

ಪದ್ಧತಿಗೆ ಐದಕ್ಕೆ ನಾಲ್ಕು, ಆ ಕ್ಲಾಸಿಗೆ ಒಂದೂವರೆ. ಸೇರಿಸುವ ಮುಂಚೆ ಟೀಚರ್ ಬಾಯಲ್ಲಿ 'ಟಿ' ಶಬ್ದ ಹೇಳಿಸಿ. 'ಟ' ಬಂದರೆ ದುಡ್ಡು ಕಟ್ಟಬೇಡಿ. ಮಗನಿಗೆ ಮುಂದಿನ ವರ್ಷ ಎಲ್‌ಕೆಜಿ. ಈ ಸಲದ ಮದುವೆ ಪತ್ರಿಕೆಗಳನ್ನೆಲ್ಲ ಎತ್ತಿಟ್ಟಿದ್ದೇನೆ.