ಮಾರುತಿ ಕಾರ್ಬುರೇಟರ್ ಕಿಟ್: ಡಬ್ಬಿಯದ್ದೋ, ತೊಟ್ಟೆಯದ್ದೋ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಕಾರ್ಬುರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಮಾರುತಿ 800, ಓಮ್ನಿ ಇನ್ನೂ ಓಡುತ್ತಿವೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ರಿಪೇರಿ ಕಿಟ್ ಕೇಳಿದರೆ ಎರಡು ಬಗೆ ಸಿಗುತ್ತದೆ. ಒಂದು ಕಂಪನಿಯ ಡಬ್ಬಿಯದ್ದು, ಇನ್ನೊಂದು ಹೆಸರಿಲ್ಲದೆ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಬರುವಂಥದ್ದು. ಈ ಗಾಡಿಗಳ ಕಾರ್ಬುರೇಟರನ್ನು ಚೆನ್ನೈನ ಯುಕಾಲ್ ಕಂಪನಿ ಜಪಾನಿನ ಮಿಕುನಿಯ ಸಹಯೋಗದಲ್ಲಿ ತಯಾರಿಸುತ್ತಿತ್ತು. ಡಬ್ಬಿಯ ಕಿಟ್ ಸಿಗುವುದಾದರೆ ಅದನ್ನೇ ತನ್ನಿ. ಇಲ್ಲಿ ಇಲ್ಲದಿದ್ದರೆ ಮಂಗಳೂರಿನಿಂದ ತರಿಸಿದರೂ ನಷ್ಟವಿಲ್ಲ. ಆದರೆ ಯಾವ ಕಿಟ್ ಹಾಕಿದರೂ ಫ್ಲೋಟ್ ಚೇಂಬರಿನ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಸಣ್ಣ ಕೋಣೆ, ಅದರಲ್ಲಿ ತೇಲುವ ಫ್ಲೋಟ್ ಮಟ್ಟ ಕಾಯುತ್ತದೆ) ಪೆಟ್ರೋಲ್ ಮಟ್ಟವನ್ನು ಹೊಸದಾಗಿ ಕೂರಿಸಲೇಬೇಕು. ಡಬ್ಬಿಯೊಳಗಿನ ಚೀಟಿ ಇದನ್ನು ಹೇಳದೆ ಇರಬಹುದು. "ಕಿಟ್ ಹಾಕಿದ ಮೇಲೆ ಮೈಲೇಜ್ ಇನ್ನೂ ಕಡಿಮೆಯಾಯ್ತು" ಎಂಬ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಎರಡು ಕಿಟ್‌ಗಳ ನಿಜವಾದ ವ್ಯತ್ಯಾಸ ಇರುವುದು ನೀಡಲ್ ಮತ್ತು ಸೀಟಿನಲ್ಲಿ. ಚೇಂಬರಿಗೆ ಪೆಟ್ರೋಲ್ ಬರುವ ತೂತು ಸೀಟು, ಫ್ಲೋಟ್ ಏರಿದಾಗ ಅದನ್ನು ಮುಚ್ಚುವುದು ನೀಡಲ್. ಒಳ್ಳೆಯ ನೀಡಲಿನ ತುದಿಗೆ ವಿಟಾನ್ ರಬ್ಬರ್ ಇರುತ್ತದೆ, ಬಾಲದ ಸಣ್ಣ ಸ್ಪ್ರಿಂಗ್ ಒತ್ತಿದರೆ ನುಣುಪಾಗಿ ಒಳಹೋಗಿ ಹೊರಬರುತ್ತದೆ. ತೊಟ್ಟೆಯದ್ದರಲ್ಲಿ ಬರೀ ಲೋಹದ ತುದಿಯ ನೀಡಲ್ ಬರುವುದುಂಟು. ಒಂದು ಕಣ ಕಸ ಸಿಕ್ಕಿದರೆ ಸಾಕು, ಸರಿಯಾಗಿ ಮುಚ್ಚುವುದಿಲ್ಲ. ಉದ್ದವೂ ಹಳೆಯದಕ್ಕೆ ಹೊಂದದೆ ಇರಬಹುದು, ವರ್ನಿಯರಿನಲ್ಲಿ ಅಳೆದೇ ಹಾಕಬೇಕು. ಗ್ಯಾಸ್ಕೆಟಿನ ತೂತುಗಳನ್ನು ಹಳೆಯದರ ಮೇಲಿಟ್ಟು ಹೋಲಿಸಿ. ಒಂದು ತೂತು ಅರ್ಧ ಮುಚ್ಚಿದರೂ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ಸ್ಥಿರವಾಗಿರುವುದಿಲ್ಲ. ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ ಮಡಿಸಿದಾಗ ಬಟ್ಟೆಯಂತೆ ಬಾಗಬೇಕು. ತೊಟ್ಟೆಯ ಕಿಟ್‌ನಲ್ಲಿ ಜೆಟ್‌ಗಳು (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಂಡುಗಳು) ಬಂದಿದ್ದರೆ ಅವನ್ನು ಬದಿಗಿಡಿ. ಮೇಲೆ ಕೊರೆದ ನಂಬರಿಗೂ ಒಳಗಿನ ತೂತಿಗೂ ಸಂಬಂಧವಿದೆ ಎನ್ನುವ ಭರವಸೆ ಇಲ್ಲ. ಹಳೆಯ ಹಿತ್ತಾಳೆ ಜೆಟ್ಟನ್ನೇ ಕ್ಲೀನರಿನಲ್ಲಿ ತೊಳೆದು ಗಾಳಿ ಊದಿ ಹಾಕಿ. ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ಚೇಂಬರಿನ ಪೆಟ್ರೋಲ್ ಮಟ್ಟ ಹೆಚ್ಚಾದರೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಪೆಟ್ರೋಲ್ ವಾಸನೆ. ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಡ, ಬ್ರೇಕ್ ಹಾಕಿದಾಗ ಅಥವಾ ತಿರುವಿನಲ್ಲಿ ಬಂದ್. ಪಾಣತ್ತೂರು ದಾಟಿ ಕರಿಕೆಯತ್ತ ಏರುವಂಥ ದಾರಿಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಗಾಡಿ ವಾಲಿದಾಗ ಚೇಂಬರಿನ ಪೆಟ್ರೋಲ್ ಒಂದೇ ಬದಿಗೆ ಸರಿದು ನಾಝಲಿನಿಂದ ಉಕ್ಕುತ್ತದೆ. ಮಟ್ಟ ಕಡಿಮೆಯಾದರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ತಡವರಿಸುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಕಾರ್ಬುರೇಟರಿನೊಳಗೆ ಟಪ್ಪೆನ್ನುವ ಶಬ್ದ ಬರುತ್ತದೆ. ಇದನ್ನು ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗುವವರಿದ್ದಾರೆ. ಆ ಸ್ಕ್ರೂಗೆ ಸಂಬಂಧ ಐಡ್ಲಿಂಗಿನೊಂದಿಗೆ ಮಾತ್ರ. ಕಿಟ್ ಕೊಳ್ಳುವ ಮೊದಲು ಏರ್ ಫಿಲ್ಟರ್ ಕಟ್ಟಿದೆಯೇ, ಚೋಕ್ ಪೂರ್ತಿ ತೆರೆಯುತ್ತದೆಯೇ ನೋಡಿಬಿಡಿ. ಅಷ್ಟಕ್ಕೇ ಹೊಗೆ ನಿಲ್ಲುವುದೂ ಉಂಟು.

ಫ್ಲೋಟ್ ಚೇಂಬರಿನ ಮೈಯಲ್ಲಿ ಒಂದು ಸಣ್ಣ ಗುಂಡು ಗಾಜಿದೆ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಪೆಟ್ರೋಲ್ ಅದರ ನಡುವಿನ ಗುರುತಿನ ಹತ್ತಿರ ನಿಲ್ಲಬೇಕು. ಇದನ್ನು ನೋಡುವಾಗ ಗಾಡಿ ಸಮತಟ್ಟಾಗಿ ನಿಂತಿರಬೇಕು. ನಮ್ಮ ಕಡೆಯ ಅಂಗಳಗಳಿಗೆ ಮಳೆನೀರು ಹರಿದುಹೋಗಲು ಇಳಿಜಾರು ಕೊಟ್ಟಿರುತ್ತಾರೆ. ಅಡಿಕೆ ಒಣಗಿಸಲು ಅದು ಸರಿ, ಈ ಕೆಲಸಕ್ಕೆ ಸಲ್ಲದು. ರಸಮಟ್ಟ ಇಟ್ಟು ನೋಡಿ, ಬೇಕಾದರೆ ಚಕ್ರದ ಅಡಿಗೆ ಹಲಗೆ ಕೊಡಿ. ಗಾಜು ಮಾಸಿದ್ದರೆ ಓರೆಯಾಗಿ ಎಲ್‌ಇಡಿ ಟಾರ್ಚ್ ಬಿಟ್ಟಾಗ ಗೆರೆ ಕಾಣುತ್ತದೆ.

ಬಿಚ್ಚುವ ಮೊದಲು ಎಂಜಿನ್ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಬಚ್ಚಲಿನ ಒಲೆಯಲ್ಲಿ ಸಿಪ್ಪೆ ಉರಿಯುತ್ತಿದ್ದರೆ ಆ ಬದಿಗೆ ಗಾಡಿ ತರಲೇಬೇಡಿ, ಪೆಟ್ರೋಲ್ ಆವಿ ನೆಲಕ್ಕೆ ತಾಗಿಕೊಂಡೇ ಹರಿಯುತ್ತದೆ. ಮುಚ್ಚಳದ ಸ್ಕ್ರೂಗಳು ಜಪಾನಿ ಅಳತೆಯವು. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿಟ್ಟು, ಸುತ್ತಿಗೆಯಲ್ಲಿ ಮೆಲ್ಲನೆ ಒಮ್ಮೆ ತಟ್ಟಿ ತಿರುಗಿಸಿ. ಇಲ್ಲದಿದ್ದರೆ ತಲೆ ಸವೆದುಹೋಗುತ್ತದೆ.

ಮುಚ್ಚಳವನ್ನು ಮಗುಚಿದರೆ ಫ್ಲೋಟ್ ಮೇಲೆ ಬರುತ್ತದೆ. ಹಳೆ ಗ್ಯಾಸ್ಕೆಟ್ ತೆಗೆದು, ಹೊಸ ಸೀಟು ಮತ್ತು ಅದರ ವಾಷರ್ ಹಾಕಿ, ನೀಡಲ್ ಇಡಿ. ಈಗ ಫ್ಲೋಟಿಗೂ ಮುಚ್ಚಳದ ಮುಖಕ್ಕೂ ನಡುವಿನ ಅಂತರ ಅಳೆಯಿರಿ. ಫ್ಲೋಟಿನ ಭಾರಕ್ಕೆ ನೀಡಲಿನ ಸ್ಪ್ರಿಂಗ್ ಒತ್ತಿಹೋದರೆ ಅಳತೆ ತಪ್ಪುತ್ತದೆ. ಆದ್ದರಿಂದ ಮುಚ್ಚಳವನ್ನು ಓರೆ ಹಿಡಿದು, ಫ್ಲೋಟಿನ ನಾಲಿಗೆ (ನೀಡಲನ್ನು ಒತ್ತುವ ಸಣ್ಣ ತಗಡು) ನೀಡಲಿನ ಬಾಲಕ್ಕೆ ಬರೀ ತಾಗುವಂತೆ ಮಾಡಿಕೊಂಡು ಅಳೆಯಬೇಕು. ಈ ಅಂತರ ಹೆಚ್ಚಿದರೆ ಪೆಟ್ರೋಲ್ ಮಟ್ಟ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಗಾಜಿನಲ್ಲಿ ಪೆಟ್ರೋಲ್ ಮೇಲಿದ್ದರೆ ನಾಲಿಗೆಯನ್ನು ನೀಡಲಿನತ್ತ ಬಾಗಿಸಿ, ಕೆಳಗಿದ್ದರೆ ಆಚೆಗೆ. ನಾಲಿಗೆ ಕೀಲಿಗೆ ಹತ್ತಿರವಿರುವುದರಿಂದ ಅಲ್ಲಿ ಕೂದಲೆಳೆಯಷ್ಟು ಬಾಗಿಸಿದರೂ ಫ್ಲೋಟ್ ಹಲವು ಪಟ್ಟು ಸರಿಯುತ್ತದೆ. ಸಣ್ಣ ಇಕ್ಕಳದಲ್ಲಿ ಫ್ಲೋಟಿನ ತೋಳನ್ನು ಗಟ್ಟಿ ಹಿಡಿದು ನಾಲಿಗೆಯನ್ನಷ್ಟೇ ಬಾಗಿಸಿ. ಫ್ಲೋಟನ್ನು ಕೆಳಕ್ಕೆ ಒತ್ತಿ ಬಾಗಿಸಿದರೆ ವಿಟಾನ್ ತುದಿಯಲ್ಲಿ ಉಂಗುರದ ಗುರುತು ಬಿದ್ದು ಹೊಸ ನೀಡಲ್ ಅಲ್ಲೇ ಹಾಳು. ಇಲ್ಲೇ ಒಂದು ಪರೀಕ್ಷೆ ಮುಗಿಸಿಕೊಳ್ಳಿ. ಮುಚ್ಚಳ ಮಗುಚಿದಂತೆಯೇ ಇರಲಿ, ಪೆಟ್ರೋಲ್ ಬರುವ ಕೊಳವೆಗೆ ಶುದ್ಧ ಟ್ಯೂಬ್ ಸಿಕ್ಕಿಸಿ ಮೆಲ್ಲನೆ ಊದಿದರೆ ಗಾಳಿ ಹೋಗಬಾರದು. ಫ್ಲೋಟ್ ಎತ್ತಿದಾಗ ಹೋಗಬೇಕು.

ಎಷ್ಟು ಬಾಗಿಸಿದರೂ ಮಟ್ಟ ಇಳಿಯದಿದ್ದರೆ ಫ್ಲೋಟಿನೊಳಗೇ ಪೆಟ್ರೋಲ್ ಹೋಗಿರಬಹುದು. ಕಿವಿಯ ಬಳಿ ಅಲುಗಾಡಿಸಿ, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ. ಕಿಟ್‌ನಲ್ಲಿ ಫ್ಲೋಟ್ ಸಾಮಾನ್ಯವಾಗಿ ಬರುವುದಿಲ್ಲ, ಅದು ಬೇರೆ ಖರ್ಚು. ಹಳೆಯ ಪ್ರೀಮಿಯರ್ ಪದ್ಮಿನಿಯ ಸೊಲೆಕ್ಸ್ ಕಾರ್ಬುರೇಟರ್ ಇದ್ದವರಿಗೆ ಲೆಕ್ಕ ಬೇರೆ. ಅಲ್ಲಿ ಸೀಟಿನ ಅಡಿಯ ವಾಷರಿನ ದಪ್ಪವೇ ಮಟ್ಟ ನಿರ್ಧರಿಸುತ್ತದೆ: ದಪ್ಪ ವಾಷರಿಗೆ ಮಟ್ಟ ಇಳಿಯುತ್ತದೆ, ತೆಳುವಿಗೆ ಏರುತ್ತದೆ. ಕಿಟ್‌ನ ವಾಷರನ್ನು ಅಳೆಯದೆ ಹಾಕಿದವರು ಆಮೇಲೆ ಪಂಪನ್ನು ಬೈಯುತ್ತಾರೆ.

ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ 9 ಪಟ್ಟು ಸಾಕು. ಹೀಗಾಗಿ ಹಳೆ ಜೆಟ್ಟಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಅದಕ್ಕೆಂದು ಫ್ಲೋಟ್ ಮಟ್ಟ ಏರಿಸುವುದು ಅಡ್ಡದಾರಿ, ತಿರುವಿನಲ್ಲಿ ಉಕ್ಕುವ ತೊಂದರೆ ಬೇರೆ ಅಂಟಿಕೊಳ್ಳುತ್ತದೆ. ಮೈನ್ ಜೆಟ್ ಒಂದು ಸೈಜ್ ದೊಡ್ಡದು ಹಾಕುವುದೇ ಸರಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಗಾಡಿ ವಾರಗಟ್ಟಲೆ ನಿಂತರೆ ಚೇಂಬರಿನ ತಳದಲ್ಲಿ ನೀರು, ಅಲ್ಯುಮಿನಿಯಮ್ಮಿನ ಮೇಲೆ ಬಿಳಿ ಪುಡಿ. ಆ ಪುಡಿ ನೀಡಲಿನ ಸೀಟಿಗೆ ಸಿಕ್ಕಿಕೊಂಡರೆ ಮಟ್ಟ ಮತ್ತೆ ಏರುತ್ತದೆ. ತೊಟ್ಟೆಯ ಕಿಟ್‌ನ ಸಾದಾ ರಬ್ಬರ್ ಎಥನಾಲಿಗೆ ಉಬ್ಬುತ್ತದೆ ಅಥವಾ ಗಡುಸಾಗುತ್ತದೆ. ಉಳಿಸಿದ ದುಡ್ಡು ಹೋಗುವುದು ಹೀಗೆ.

ಎರಡರಲ್ಲಿ ಯಾವ ಕಿಟ್‌ನಿಂದಲೂ ಗುಣವಾಗದ ರೋಗ ಥ್ರಾಟಲ್ ಶಾಫ್ಟಿನ (ಆಕ್ಸಿಲರೇಟರ್ ಒತ್ತಿದಾಗ ತಿರುಗಿ ಗಾಳಿಯ ದಾರಿ ತೆರೆಯುವ ಸರಳು) ಸವೆತ. ಐಡ್ಲಿಂಗಿನಲ್ಲಿರುವಾಗ, ಎಂಜಿನ್ ಬಿಸಿಯಾಗುವ ಮೊದಲೇ, ಶಾಫ್ಟಿನ ಎರಡೂ ತುದಿಗೆ ಕ್ಲೀನರ್ ಒಂದು ಹನಿ ಸಿಂಪಡಿಸಿ. ಎಂಜಿನ್ ವೇಗ ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ. ಅಂಥ ಕಾರ್ಬುರೇಟರಿಗೆ ಮೊದಲು ಲೇತ್‌ನಲ್ಲಿ ಬುಷ್ (ಸವೆದ ತೂತಿಗೆ ಕೂರಿಸುವ ಬಳೆ) ಹಾಕಿಸಿ, ಆಮೇಲೆ ಕಿಟ್ ಕೊಳ್ಳಿ.